ಕೊಲೆಸಿಸ್ಟೊಕೈನಿನ್

ಕೊಲೆಸಿಸ್ಟೊಕೈನಿನ್ ಎಂಬುದು ಸಣ್ಣಕರುಳಿನಲ್ಲಿ ಹಾರ್ಮೋನಾಗಿಯೂ ಮಿದುಳಿನಲ್ಲಿ ನರಪ್ರೇಷಕವಾಗಿಯೂ ಕೆಲಸ ಮಾಡುವ ಪೆಪ್ಟೈಡ್. ಇದರ ಸಂಕ್ಷಿಪ್ತ ಹೆಸರು ಸಿಸಿಕೆ. ಕೊಬ್ಬು, ಪ್ರೋಟೀನು ಇರುವ ಆಹಾರ ಜಠರದಿಂದ ಸಣ್ಣಕರುಳಿಗೆ ಇಳಿದೊಡನೆ ಕರುಳಿನ ಒಳಪೊರೆಯಿಂದ ಸಿಸಿಕೆ ಬಿಡುಗಡೆಯಾಗುತ್ತದೆ. ಆಗ ಪಿತ್ತಕೋಶ ಸಂಕುಚಿಸುತ್ತದೆ, ಮೇದೋಜೀರಕ ಗ್ರಂಥಿ ಕಿಣ್ವಗಳನ್ನು ಸ್ರವಿಸುತ್ತದೆ, ಜಠರ ಬರಿದಾಗುವ ವೇಗ ತಗ್ಗುತ್ತದೆ, ಉಣ್ಣುವವರಿಗೆ ಸಾಕೆನಿಸುತ್ತದೆ. ಇದೇ ಅಣುವನ್ನು ಮಿದುಳಿನ ನರಕೋಶಗಳೂ ತಯಾರಿಸುತ್ತವೆ. ಸಸ್ತನಿಗಳ ಮಿದುಳಿನಲ್ಲಿ ಅತಿ ಹೇರಳವಾಗಿರುವ ನ್ಯೂರೋಪೆಪ್ಟೈಡ್‌ಗಳಲ್ಲಿ ಇದೂ ಒಂದು.

ಈ ಲೇಖನದಲ್ಲಿ ‘ಕರುಳಿನ ಸಿಸಿಕೆ’ ಎಂದರೆ ಕರುಳಿನ ಕೋಶಗಳು ರಕ್ತಕ್ಕೆ ಅಥವಾ ಅಕ್ಕಪಕ್ಕದ ನರತುದಿಗಳಿಗೆ ಬಿಡುವ ಸಿಸಿಕೆ. ‘ಮಿದುಳಿನ ಸಿಸಿಕೆ’ ಎಂದರೆ ನರಕೋಶಗಳು ತಾವೇ ತಯಾರಿಸಿ ಬಿಡುವ ಸಿಸಿಕೆ. ಎರಡಕ್ಕೂ ಜೀನ್ ಒಂದೇ, ಆದರೆ ದಾಸ್ತಾನು ಬೇರೆ ಬೇರೆ. ಊಟದ ನಂತರ ರಕ್ತಕ್ಕೆ ಸೇರಿದ ಸಿಸಿಕೆಯೇ ಮಿದುಳಿನೊಳಗೆ ಹೊಕ್ಕು ನರಪ್ರೇಷಕವಾಗುತ್ತದೆ ಎಂಬ ವಿವರಣೆ ಜನಪ್ರಿಯ ಬರಹಗಳಲ್ಲಿ ಕಾಣಸಿಗುತ್ತದೆ. ಅದು ಸರಿಯಲ್ಲ. ರಕ್ತ–ಮಿದುಳು ತಡೆಯನ್ನು ಈ ಪೆಪ್ಟೈಡ್ ಸುಲಭವಾಗಿ ದಾಟುವುದಿಲ್ಲ.

ಶೋಧ

1902ರಲ್ಲಿ ಲಂಡನ್ನಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಸಿಕ್ರೀಟಿನ್ ಎಂಬ ಕರುಳಿನ ಹಾರ್ಮೋನನ್ನು ಕಂಡುಹಿಡಿದರು. ಕರುಳು ರಕ್ತದ ಮೂಲಕ ರಾಸಾಯನಿಕ ಸಂಕೇತ ಕಳುಹಿಸಬಲ್ಲದು ಎಂಬುದು ಅದರಿಂದ ಖಚಿತವಾಯಿತು. ಅದೇ ಜಾಡಿನಲ್ಲಿ 1928ರಲ್ಲಿ ಅಮೆರಿಕದ ಆಂಡ್ರ್ಯೂ ಐವಿ ಮತ್ತು ಎರಿಕ್ ಓಲ್ಡ್‌ಬರ್ಗ್, ಸಣ್ಣಕರುಳಿನ ಮೇಲ್ಭಾಗದ ಸಾರವನ್ನು ಪ್ರಾಣಿಗಳ ರಕ್ತಕ್ಕೆ ಕೊಟ್ಟಾಗ ಪಿತ್ತಕೋಶ ಸಂಕುಚಿಸುವುದನ್ನು ತೋರಿಸಿದರು. ಅದರಲ್ಲಿದ್ದ ಸಕ್ರಿಯ ವಸ್ತುವಿಗೆ ಅವರು ಕೊಲೆಸಿಸ್ಟೊಕೈನಿನ್ ಎಂದು ಹೆಸರಿಟ್ಟರು. 1943ರಲ್ಲಿ ಇಂಗ್ಲೆಂಡಿನ ಹಾರ್ಪರ್ ಮತ್ತು ರೇಪರ್, ಕರುಳಿನ ಸಾರ ಮೇದೋಜೀರಕ ಗ್ರಂಥಿಯ ಕಿಣ್ವಸ್ರಾವವನ್ನೂ ಹೆಚ್ಚಿಸುತ್ತದೆಂದು ಕಂಡು, ಅದಕ್ಕೆ ಕಾರಣವಾದ ವಸ್ತುವನ್ನು ಪ್ಯಾಂಕ್ರಿಯೊಜೈಮಿನ್ ಎಂದು ಕರೆದರು.

ಇವು ಎರಡು ಹಾರ್ಮೋನುಗಳೆಂದೇ ಸುಮಾರು ಎರಡು ದಶಕ ಎಲ್ಲರೂ ತಿಳಿದಿದ್ದರು. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಎರಿಕ್ ಯೋರ್ಪೆಸ್ ಮತ್ತು ವಿಕ್ಟರ್ ಮುಟ್ ಹಂದಿಯ ಕರುಳಿನಿಂದ ಹಾರ್ಮೋನನ್ನು ಶುದ್ಧೀಕರಿಸಿದಾಗ, 33 ಅಮೈನೋ ಆಮ್ಲಗಳ ಒಂದೇ ಪೆಪ್ಟೈಡ್ ಎರಡೂ ಕೆಲಸ ಮಾಡುತ್ತದೆಂದು 1960ರ ದಶಕದಲ್ಲಿ ತಿಳಿಯಿತು. ‘ಕೊಲೆಸಿಸ್ಟೊಕೈನಿನ್–ಪ್ಯಾಂಕ್ರಿಯೊಜೈಮಿನ್’ ಎಂಬ ಜೋಡಿ ಹೆಸರು ಕೆಲಕಾಲ ಚಲಾವಣೆಯಲ್ಲಿತ್ತು. ಈಗ ಮೊದಲಿಟ್ಟ ಹೆಸರೇ ಉಳಿದಿದೆ.

ಮಿದುಳಿನ ಅಧ್ಯಾಯ 1975ರಲ್ಲಿ ತೆರೆಯಿತು. ಬೆಲ್ಜಿಯಂನ ಜಾನ್–ಜಾಕ್ ವಾಂಡರ್‌ಹೇಗನ್ ಮತ್ತು ಸಂಗಡಿಗರು, ಜಠರದ ಗ್ಯಾಸ್ಟ್ರಿನ್ ಹಾರ್ಮೋನಿಗೆ ಅಂಟಿಕೊಳ್ಳುವ ಪ್ರತಿಕಾಯಗಳು ಕಶೇರುಕಗಳ ಮಿದುಳಿನಲ್ಲಿರುವ ಒಂದು ಪೆಪ್ಟೈಡಿಗೂ ಅಂಟುತ್ತವೆಂದು ವರದಿ ಮಾಡಿದರು. ಗ್ಯಾಸ್ಟ್ರಿನ್ ಮತ್ತು ಸಿಸಿಕೆಗಳ ಕೊನೆಯ ಐದು ಅಮೈನೋ ಆಮ್ಲಗಳು ಒಂದೇ ಆಗಿರುವುದರಿಂದ ಆ ಪ್ರತಿಕಾಯಗಳಿಗೆ ಇವೆರಡರ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮುಂದಿನ ಮೂರು ವರ್ಷಗಳಲ್ಲಿ ಇಂಗ್ಲೆಂಡಿನ ಗ್ರಹಾಂ ಡಾಕ್ರೆ, ಡೆನ್ಮಾರ್ಕಿನ ಯೆನ್ಸ್ ರೆಹ್‌ಫೆಲ್ಡ್ ಹೆಚ್ಚು ನಿಖರವಾದ ಪ್ರತಿಕಾಯಗಳನ್ನು ಬಳಸಿ, ಮಿದುಳಿನಲ್ಲಿರುವುದು ಮುಖ್ಯವಾಗಿ ಗ್ಯಾಸ್ಟ್ರಿನ್ ಅಲ್ಲ, ಸಿಸಿಕೆ, ಅದರಲ್ಲೂ ಎಂಟು ಅಮೈನೋ ಆಮ್ಲಗಳ ಗಿಡ್ಡ ರೂಪ ಎಂದು ಸ್ಥಾಪಿಸಿದರು.

ರಚನೆ ಮತ್ತು ರೂಪಗಳು

ಮನುಷ್ಯನಲ್ಲಿ ಸಿಸಿಕೆಯ ಜೀನ್ 3ನೆಯ ವರ್ಣತಂತುವಿನಲ್ಲಿದೆ. ಅದರಿಂದ ಮೊದಲು 115 ಅಮೈನೋ ಆಮ್ಲಗಳ ಉದ್ದನೆಯ ಪೂರ್ವರೂಪ ತಯಾರಾಗುತ್ತದೆ. ಕೋಶದೊಳಗಿನ ಕಿಣ್ವಗಳು ಇದನ್ನು ಬೇರೆ ಬೇರೆ ಜಾಗಗಳಲ್ಲಿ ಕತ್ತರಿಸುವುದರಿಂದ ಹಲವು ಅಳತೆಯ ಪೆಪ್ಟೈಡ್‌ಗಳು ಹುಟ್ಟುತ್ತವೆ. ಸಿಸಿಕೆ-58, ಸಿಸಿಕೆ-33, ಸಿಸಿಕೆ-22, ಸಿಸಿಕೆ-8 ಇವುಗಳಲ್ಲಿ ಮುಖ್ಯವಾದವು. ಅಂಕಿ ಅಮೈನೋ ಆಮ್ಲಗಳ ಎಣಿಕೆಯನ್ನು ಹೇಳುತ್ತದೆ. ಕರುಳು ಮತ್ತು ರಕ್ತದಲ್ಲಿ ಉದ್ದನೆಯ ರೂಪಗಳೂ ಗಣನೀಯ ಪ್ರಮಾಣದಲ್ಲಿರುತ್ತವೆ. ಮಿದುಳಿನಲ್ಲಿ ಕತ್ತರಿಕೆ ಇನ್ನೂ ಮುಂದುವರಿಯುವುದರಿಂದ ಸಿಸಿಕೆ-8ರದೇ ಪ್ರಾಬಲ್ಯ.

ಎಲ್ಲ ಸಕ್ರಿಯ ರೂಪಗಳ ಬಾಲವೂ ಒಂದೇ: ಗ್ಲೈಸೀನ್, ಟ್ರಿಪ್ಟೊಫಾನ್, ಮೆಥಿಯೊನೀನ್, ಆಸ್ಪಾರ್ಟಿಕ್ ಆಮ್ಲ, ಫೀನೈಲ್‌ಅಲನೀನ್, ತುತ್ತತುದಿಯಲ್ಲಿ ಒಂದು ಅಮೈಡ್ ಗುಂಪು. ಗ್ಯಾಸ್ಟ್ರಿನ್‌ನ ಬಾಲವೂ ಇದೇ. ಸಿಸಿಕೆಯಲ್ಲಿ ಬಾಲದ ತುದಿಯಿಂದ ಏಳನೆಯ ಸ್ಥಾನದ ಟೈರೊಸೀನ್‌ಗೆ ಸಲ್ಫೇಟ್ ಗುಂಪು ಅಂಟಿಕೊಂಡಿರುತ್ತದೆ. ಗ್ಯಾಸ್ಟ್ರಿನ್‌ನಲ್ಲಿ ಟೈರೊಸೀನ್ ಇರುವುದು ಆರನೆಯ ಸ್ಥಾನದಲ್ಲಿ. ಒಂದೇ ಒಂದು ಸ್ಥಾನದ ಈ ಪಲ್ಲಟ ಮತ್ತು ಆ ಸಲ್ಫೇಟ್ ಸೇರಿ ಯಾವ ಗ್ರಾಹಕ ಯಾವ ಹಾರ್ಮೋನಿಗೆ ಓಗೊಡುತ್ತದೆ ಎಂಬುದನ್ನು ನಿರ್ಧರಿಸುತ್ತವೆ.

ಈ ಬಾಲ ಬಹಳ ಹಳೆಯದು. ಕಶೇರುಕಗಳ ಸಮೀಪದ ಬಂಧುವಾದ ಸಯೋನ ಎಂಬ ಕಡಲಜೀವಿಯಲ್ಲಿ 1990ರಲ್ಲಿ ಸಯೋನಿನ್ ಎಂಬ ಸೋದರ ಪೆಪ್ಟೈಡ್ ಸಿಕ್ಕಿತು. ಜಿರಲೆ ಮೊದಲಾದ ಕೀಟಗಳಲ್ಲಿರುವ ಸಲ್ಫಕೈನಿನ್‌ಗಳೂ ಇದೇ ಬಳಗಕ್ಕೆ ಸೇರುತ್ತವೆ. ಆಸ್ಟ್ರೇಲಿಯದ ಒಂದು ಮರಗಪ್ಪೆಯ ಚರ್ಮದಿಂದ ಇಟಲಿಯ ವಿಟೋರಿಯೊ ಎರ್ಸ್‌ಪಾಮರ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಬೇರ್ಪಡಿಸಿದ ಸೆರುಲಿನ್ ಎಂಬ ಪೆಪ್ಟೈಡ್ ಕೂಡ ಸಿಸಿಕೆಯಂತೆಯೇ ವರ್ತಿಸುತ್ತದೆ. ಪ್ರಯೋಗಶಾಲೆಗಳಲ್ಲಿ ಸಿಸಿಕೆಗೆ ಬದಲಾಗಿ ಅದನ್ನು ಈಗಲೂ ಬಳಸುತ್ತಾರೆ.

ಗ್ರಾಹಕಗಳು

ಮಿದುಳಿನಲ್ಲಿರುವ ಸಿಸಿಕೆ ಗ್ರಾಹಕವೂ ಮೇದೋಜೀರಕ ಗ್ರಂಥಿಯಲ್ಲಿರುವುದೂ ಬೇರೆ ಬೇರೆ ಎಂಬುದನ್ನು ಅಮೆರಿಕದ ರಾಬರ್ಟ್ ಇನ್ನಿಸ್ ಮತ್ತು ಸಾಲೊಮನ್ ಸ್ನೈಡರ್ 1980ರಲ್ಲಿ ತೋರಿಸಿದರು. 1992ರಲ್ಲಿ ಎರಡರ ಜೀನ್‌ಗಳೂ ಪತ್ತೆಯಾದವು. ಮೊದಲು ಎ ಮತ್ತು ಬಿ ಎಂದು ಕರೆಯುತ್ತಿದ್ದ ಇವನ್ನು ಈಗ ಸಿಸಿಕೆ1 ಗ್ರಾಹಕ, ಸಿಸಿಕೆ2 ಗ್ರಾಹಕ ಎನ್ನುತ್ತಾರೆ. ಎರಡೂ ಕೋಶದ ಪೊರೆಯನ್ನು ಏಳು ಬಾರಿ ಹಾದುಹೋಗುವ, ಜಿ ಪ್ರೋಟೀನಿನ ಮೂಲಕ ಕೆಲಸ ಮಾಡುವ ಗ್ರಾಹಕಗಳು.

ಸಿಸಿಕೆ1 ಗ್ರಾಹಕಕ್ಕೆ ಸಲ್ಫೇಟ್ ಅತ್ಯವಶ್ಯ. ಸಲ್ಫೇಟ್ ಇಲ್ಲದ ಸಿಸಿಕೆಗೂ ಗ್ಯಾಸ್ಟ್ರಿನ್‌ಗೂ ಅದು ತೀರ ದುರ್ಬಲವಾಗಿ ಸ್ಪಂದಿಸುತ್ತದೆ. ಸಿಸಿಕೆ2 ಗ್ರಾಹಕ ಅಷ್ಟು ಕಟ್ಟುನಿಟ್ಟಿನದಲ್ಲ. ಸಿಸಿಕೆ, ಗ್ಯಾಸ್ಟ್ರಿನ್, ಬರಿಯ ಬಾಲದ ನಾಲ್ಕು ಅಮೈನೋ ಆಮ್ಲಗಳ ಸಿಸಿಕೆ-4 ಎಲ್ಲಕ್ಕೂ ಅದು ಸ್ಪಂದಿಸುತ್ತದೆ. ಜಠರದ ಗ್ಯಾಸ್ಟ್ರಿನ್ ಗ್ರಾಹಕವೆಂದು ಬೇರೆಯಾಗಿ ಅಧ್ಯಯನವಾಗುತ್ತಿದ್ದುದು ಇದೇ ಸಿಸಿಕೆ2 ಎಂದು ಆಮೇಲೆ ತಿಳಿಯಿತು.

ಸಿಸಿಕೆ1 ‘ಹೊಟ್ಟೆಯದು’, ಸಿಸಿಕೆ2 ‘ಮಿದುಳಿನದು’ ಎಂಬ ವಿಂಗಡಣೆ ಸ್ಥೂಲವಾದದ್ದು ಮಾತ್ರ. ಪಿತ್ತಕೋಶದಲ್ಲೂ ಹೊಟ್ಟೆಯ ಅಂಗಗಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರದಲ್ಲೂ ಪ್ರಧಾನವಾಗಿರುವ ಸಿಸಿಕೆ1, ಮಿದುಳ ಕಾಂಡದಲ್ಲೂ ಹೈಪೊಥಲಾಮಸ್‌ನ ಕೆಲವು ಭಾಗಗಳಲ್ಲೂ ಇದೆ. ಮಿದುಳಿನಾದ್ಯಂತ ಹರಡಿರುವ ಸಿಸಿಕೆ2 ಜಠರದಲ್ಲೂ ಇದೆ. ಮನುಷ್ಯನ ಮೇದೋಜೀರಕ ಗ್ರಂಥಿಯ ಕಿಣ್ವಕೋಶಗಳ ಮೇಲೆ ಸಿಸಿಕೆ ನೇರವಾಗಿ ಕೆಲಸ ಮಾಡುತ್ತದೆಯೇ, ನರಗಳ ಮೂಲಕವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಇಲಿಗಳಲ್ಲಿ ಕಂಡದ್ದನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದ ವಿಷಯಗಳಲ್ಲಿ ಇದೂ ಒಂದು.

ಕರುಳಿನಿಂದ ಮಿದುಳಿಗೆ

ಕರುಳಿನ ಸಿಸಿಕೆಯನ್ನು ತಯಾರಿಸುವುದು ಡುವೋಡಿನಮ್ ಮತ್ತು ಜೆಜುನಮ್‌ನ ಒಳಪೊರೆಯಲ್ಲಿ ಚದುರಿರುವ ‘ಐ’ ಕೋಶಗಳು. ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಮತ್ತು ಫೀನೈಲ್‌ಅಲನೀನ್, ಟ್ರಿಪ್ಟೊಫಾನ್‌ನಂಥ ಅಮೈನೋ ಆಮ್ಲಗಳು ಇವನ್ನು ಪ್ರಬಲವಾಗಿ ಕೆಣಕುತ್ತವೆ. ಬರಿಹೊಟ್ಟೆಯಲ್ಲಿ ಲೀಟರ್ ರಕ್ತದ್ರವಕ್ಕೆ ಸುಮಾರು 1 ಪಿಕೊಮೋಲ್ ಇರುವ ಸಿಸಿಕೆ ಊಟದ ನಂತರ ಕೆಲವು ಪಟ್ಟು ಏರುತ್ತದೆ. ರಕ್ತದಲ್ಲಿ ಅದರ ಆಯುಷ್ಯ ಕೆಲವೇ ನಿಮಿಷ.

ಊಟಕ್ಕೂ ಇದಕ್ಕೂ ಇರುವ ನಂಟನ್ನು ನ್ಯೂಯಾರ್ಕಿನ ಜೇಮ್ಸ್ ಗಿಬ್ಸ್, ರಾಬರ್ಟ್ ಯಂಗ್ ಮತ್ತು ಜೆರಾರ್ಡ್ ಸ್ಮಿತ್ 1973ರಲ್ಲಿ ತೋರಿಸಿದರು. ಸಿಸಿಕೆ ಚುಚ್ಚಿದ ಹೆಗ್ಗಣಗಳು ಕಡಿಮೆ ತಿಂದವು, ನೀರಡಿಕೆಯಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ. ಮನುಷ್ಯರಲ್ಲೂ ಸಿಸಿಕೆ-8 ಊಟದ ಪ್ರಮಾಣವನ್ನು ತಗ್ಗಿಸುತ್ತದೆಂದು 1981ರಲ್ಲಿ ವರದಿಯಾಯಿತು. ಅದೇ ವರ್ಷ ಸ್ಮಿತ್‌ರ ತಂಡ, ಹೊಟ್ಟೆಯ ಭಾಗದ ವೇಗಸ್ ನರವನ್ನು ಕತ್ತರಿಸಿದ ಹೆಗ್ಗಣಗಳಲ್ಲಿ ಈ ಪರಿಣಾಮ ಕಾಣುವುದಿಲ್ಲವೆಂದು ಪ್ರಕಟಿಸಿತು. ಕರುಳಿನ ಸಿಸಿಕೆ ಮಿದುಳನ್ನು ಮುಟ್ಟುವ ಮುಖ್ಯ ದಾರಿ ರಕ್ತವಲ್ಲ, ನರ ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ಸಂಕೇತದ ಹಾದಿ ಹೀಗಿದೆ. ವೇಗಸ್‌ನ ಒಳಮುಖ ನಾರುಗಳ ತುದಿಯಲ್ಲಿರುವ ಸಿಸಿಕೆ1 ಗ್ರಾಹಕಗಳಿಗೆ ಪೆಪ್ಟೈಡ್ ಅಂಟಿದಾಗ ನಾರು ವಿದ್ಯುತ್ ಸ್ಪಂದನಗಳನ್ನು ಕಳುಹಿಸುತ್ತದೆ. ಜಠರ ಹಿಗ್ಗಿದ ಸುದ್ದಿಯನ್ನು ಒಯ್ಯುವ ನಾರುಗಳೂ ಇಲ್ಲೇ ಇರುವುದರಿಂದ ಎರಡು ಸಂಕೇತಗಳು ಒಂದನ್ನೊಂದು ಬಲಪಡಿಸುತ್ತವೆ. ಇವೆಲ್ಲ ಮೊದಲು ತಲುಪುವುದು ಮಿದುಳ ಕಾಂಡದ ಸಾಲಿಟರಿ ನರಪಥದ ನ್ಯೂಕ್ಲಿಯಸ್‌ಗೆ. ಅಲ್ಲಿಂದ ಹೈಪೊಥಲಾಮಸ್ ಮೊದಲಾದ ಕಡೆಗೆ. ನ್ಯೂಕ್ಲಿಯಸ್‌ನ ಪಕ್ಕದಲ್ಲಿರುವ ಏರಿಯಾ ಪೋಸ್ಟ್ರೀಮಾದಲ್ಲಿ ರಕ್ತ–ಮಿದುಳು ತಡೆ ಸಡಿಲವಾಗಿರುವುದರಿಂದ ರಕ್ತದಲ್ಲಿರುವ ಸಿಸಿಕೆ ಅಲ್ಲಿ ಸೀಮಿತವಾಗಿ ನೇರ ಪರಿಣಾಮ ಬೀರಬಹುದು.

ಈ ಚಿತ್ರಕ್ಕೆ 2018ರಲ್ಲಿ ಒಂದು ತಿದ್ದುಪಡಿ ಬಂತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಿಯೆಗೊ ಬೊಹೋರ್ಕೆಸ್‌ರ ತಂಡ, ಇಲಿಗಳಲ್ಲಿ ಸಿಸಿಕೆ ತಯಾರಿಸುವ ಕೆಲವು ಕರುಳಿನ ಕೋಶಗಳು ವೇಗಸ್ ನರಕೋಶಗಳೊಂದಿಗೆ ನೇರ ಸಂಧಿ ಏರ್ಪಡಿಸಿಕೊಂಡಿರುವುದನ್ನೂ, ಗ್ಲುಟಮೇಟ್ ಎಂಬ ನರಪ್ರೇಷಕವನ್ನು ಬಿಡುಗಡೆ ಮಾಡಿ ಸಕ್ಕರೆಯ ಸುದ್ದಿಯನ್ನು ಮಿಲಿಸೆಕೆಂಡುಗಳಲ್ಲಿ ದಾಟಿಸುವುದನ್ನೂ ತೋರಿಸಿತು. ‘ನ್ಯೂರೋಪಾಡ್’ ಎಂದು ಹೆಸರಿಸಿರುವ ಈ ಕೋಶಗಳಲ್ಲಿ ವೇಗದ ಸಂಕೇತ ಗ್ಲುಟಮೇಟಿನದು, ನಿಧಾನದ್ದು ಸಿಸಿಕೆಯದು.

ಮಿದುಳಿನಲ್ಲಿ ಹಂಚಿಕೆ ಮತ್ತು ಬಿಡುಗಡೆ

ಮಿದುಳಿನ ಸಿಸಿಕೆ ಕಾರ್ಟೆಕ್ಸ್‌ನಲ್ಲಿ ಹೇರಳ. ಹಿಪೊಕ್ಯಾಂಪಸ್, ಅಮಿಗ್ಡಲ, ಸ್ಟ್ರಯೇಟಮ್, ಹೈಪೊಥಲಾಮಸ್, ಮಧ್ಯಮಿದುಳುಗಳಲ್ಲೂ ಉಂಟು. ಕಿರಿಮಿದುಳಿನಲ್ಲಿ ತೀರ ವಿರಳ. ಜೀರ್ಣಕ್ರಿಯೆಗೆ ನೇರ ಸಂಬಂಧವೇ ಇಲ್ಲದ ಜಾಗಗಳಲ್ಲಿ ಇದು ತುಂಬಿರುವುದನ್ನು ಗಮನಿಸಬೇಕು. ಹಸಿವು ತಣಿಸುವ ಹಾರ್ಮೋನು ಎಂಬ ಚೌಕಟ್ಟಿನಲ್ಲಿ ಮಿದುಳಿನ ಸಿಸಿಕೆಯನ್ನು ಹಿಡಿಸಲಾಗದು.

ನರತುದಿಯಲ್ಲಿ ಸಿಸಿಕೆ ದಟ್ಟ ತಿರುಳಿನ ದೊಡ್ಡ ಕೋಶಿಕೆಗಳಲ್ಲಿ ಶೇಖರವಾಗಿರುತ್ತದೆ. ಗ್ಲುಟಮೇಟ್, ಗಾಬಾದಂಥ ಪುಟ್ಟ ನರಪ್ರೇಷಕಗಳು ಒಂದೊಂದು ಸ್ಪಂದನಕ್ಕೂ ಹೊರಬೀಳಬಲ್ಲವು. ಪೆಪ್ಟೈಡ್ ಹಾಗಲ್ಲ, ಸಾಮಾನ್ಯವಾಗಿ ನರಕೋಶ ಎಡೆಬಿಡದೆ ಸ್ಪಂದಿಸಿ ಒಳಗೆ ಕ್ಯಾಲ್ಸಿಯಂ ಏರಿದಾಗಲೇ ಅದರ ಬಿಡುಗಡೆ. ಹೊರಬಂದದ್ದನ್ನು ನರತುದಿ ಮರಳಿ ಹೀರಿಕೊಳ್ಳುವುದಿಲ್ಲ. ಕಿಣ್ವಗಳು ಅದನ್ನು ಕತ್ತರಿಸಿ ನಿಷ್ಕ್ರಿಯಗೊಳಿಸುತ್ತವೆ. ಸಿಸಿಕೆ2 ಗ್ರಾಹಕ ಚುರುಕಾದಾಗ ಒಳಗಿನ ಉಗ್ರಾಣಗಳಿಂದ ಕ್ಯಾಲ್ಸಿಯಂ ಹೊರಬಂದು, ನರಕೋಶ ಬಹುಮಟ್ಟಿಗೆ ಉದ್ರೇಕದತ್ತ ವಾಲುತ್ತದೆ. ಪರಿಣಾಮ ನಿಧಾನ, ಆದರೆ ದೀರ್ಘ.

ಸಿಸಿಕೆ ಒಂಟಿಯಾಗಿರುವುದು ಅಪರೂಪ. ಸ್ಟಾಕ್‌ಹೋಮಿನ ಟೊಮಾಸ್ ಹೋಕ್‌ಫೆಲ್ಟ್ ಮತ್ತು ಸಹೋದ್ಯೋಗಿಗಳು 1980ರಲ್ಲಿ ಮಧ್ಯಮಿದುಳಿನ ಡೋಪಮಿನ್ ನರಕೋಶಗಳಲ್ಲಿ ಸಿಸಿಕೆಯೂ ಇರುವುದನ್ನು ತೋರಿಸಿದರು. ಒಂದು ನರಕೋಶಕ್ಕೆ ಒಂದೇ ನರಪ್ರೇಷಕ ಎಂಬ ನಂಬಿಕೆ ಸಡಿಲಗೊಳ್ಳಲು ಇಂಥ ಶೋಧಗಳು ಕಾರಣವಾದವು. ಹಿಪೊಕ್ಯಾಂಪಸ್‌ನಲ್ಲಿ ಗಾಬಾ ಬಿಡುವ ಒಂದು ಬಗೆಯ ಬುಟ್ಟಿಕೋಶಗಳಲ್ಲಿ ಸಿಸಿಕೆ ಇದೆ. ಅವುಗಳ ನರತುದಿಗಳಲ್ಲಿ ಗಾಂಜಾದ ಸಕ್ರಿಯಾಂಶಕ್ಕೆ ಸ್ಪಂದಿಸುವ ಸಿಬಿ1 ಗ್ರಾಹಕಗಳು ದಟ್ಟವಾಗಿವೆ ಎಂಬುದನ್ನು ಬುಡಾಪೆಸ್ಟ್‌ನ ಇಷ್ಟ್ವಾನ್ ಕಟೊನಾ, ತಮಾಶ್ ಫ್ರಾಯಿಂಡ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು.

ಮಿದುಳಿನಲ್ಲಿ ಕಾರ್ಯಗಳು

ಹಸಿವು: ಮೇರಿ ಆನ್ ಡೆಲ್ಲಾ–ಫೆರಾ ಮತ್ತು ಕ್ಲಿಫ್ಟನ್ ಬೈಲ್ 1979ರಲ್ಲಿ ಕುರಿಗಳ ಮಿದುಳಿನ ಕುಹರಗಳಿಗೆ ಪಿಕೊಮೋಲ್ ಲೆಕ್ಕದ ಅತ್ಯಲ್ಪ ಸಿಸಿಕೆ-8 ಹರಿಸಿದಾಗ ಅವು ಮೇವು ಬಿಟ್ಟವು. ಮಿದುಳಿನ ಸಿಸಿಕೆಗೂ ತೃಪ್ತಿಗೂ ಸಂಬಂಧವಿರಬಹುದು ಎಂಬುದಕ್ಕೆ ಇದು ಸೂಚನೆ; ಹೊರಗಿನಿಂದ ಹರಿಸಿದ ಪೆಪ್ಟೈಡ್ ಆದ್ದರಿಂದ ನೇರ ಪುರಾವೆಯಲ್ಲ. ಅದೇ ವರ್ಷ ಯೂಜೀನ್ ಸ್ಟ್ರಾಸ್ ಮತ್ತು ನೊಬೆಲ್ ವಿಜೇತೆ ರೊಸಲಿನ್ ಯಾಲೊ, ಹುಟ್ಟಿನಿಂದಲೇ ಬೊಜ್ಜಿರುವ ಇಲಿಗಳ ಮಿದುಳಿನಲ್ಲಿ ಸಿಸಿಕೆ ಕಡಿಮೆಯೆಂದು ವರದಿ ಮಾಡಿದರು. ಆದರೆ ಅದೇ ವರ್ಷ ಬೇರೊಂದು ತಂಡಕ್ಕೆ ಆ ವ್ಯತ್ಯಾಸ ಕಾಣಲಿಲ್ಲ. ಸಿಸಿಕೆ1 ಗ್ರಾಹಕವಿಲ್ಲದೆ ಹುಟ್ಟುವ, ಜಪಾನಿನಲ್ಲಿ ಬೆಳೆಸಿದ ಒಂದು ಹೆಗ್ಗಣದ ತಳಿ ಪ್ರತಿ ಊಟದಲ್ಲೂ ಹೆಚ್ಚು ತಿಂದು ಬೊಜ್ಜು, ಮಧುಮೇಹಗಳಿಗೆ ತುತ್ತಾಗುತ್ತದೆ.

ಆತಂಕ: ಮನುಷ್ಯರಲ್ಲಿ ಅತಿ ಸ್ಪಷ್ಟವಾಗಿ ಕಂಡಿರುವ ಪರಿಣಾಮ ಇದು. 1989ರಲ್ಲಿ ಕೆನಡಾದ ಕ್ಲೋದ್ ದ ಮೋಂತಿನ್ಯಿ, ಆರೋಗ್ಯವಂತ ಸ್ವಯಂಸೇವಕರ ರಕ್ತನಾಳಕ್ಕೆ ಸಿಸಿಕೆ-4 ಚುಚ್ಚಿದಾಗ ದಿಗಿಲಿನ ಆಘಾತವನ್ನು ಹೋಲುವ ಅನುಭವವಾಗುತ್ತದೆಂದು ತೋರಿಸಿದರು. ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ವಿಪರೀತ ಭಯ ಇವೆಲ್ಲ ಬೇಗನೆ ಹುಟ್ಟಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತವೆ. ಆತಂಕ ತಗ್ಗಿಸುವ ಔಷಧವಾದ ಲೊರಾಜೆಪಾಮ್ ಮೊದಲೇ ಕೊಟ್ಟಿದ್ದರೆ ಇದು ತಪ್ಪುತ್ತದೆ. ಪ್ಯಾನಿಕ್ ಕಾಯಿಲೆ ಇರುವವರು ಇನ್ನೂ ಕಡಿಮೆ ಪ್ರಮಾಣಕ್ಕೇ ಪ್ರತಿಕ್ರಿಯಿಸುತ್ತಾರೆಂದು ಜಾಕ್ ಬ್ರಾಡ್ವೇನ್ ಕಂಡರು. ಚುಚ್ಚಿದ ಪೆಪ್ಟೈಡ್ ಭಯ ಹುಟ್ಟಿಸಿತೆಂದ ಮಾತ್ರಕ್ಕೆ ಕಾಯಿಲೆಗೆ ಮಿದುಳಿನ ಸಿಸಿಕೆಯೇ ಕಾರಣವೆಂದು ಸಿದ್ಧವಾಗದು. ಸಿಸಿಕೆ2 ಗ್ರಾಹಕವನ್ನು ತಡೆಯುವ ಔಷಧಗಳು ರೋಗಿಗಳಲ್ಲಿ ಗುಣ ತೋರದಿದ್ದುದು ಈ ಎಚ್ಚರಿಕೆಗೆ ಬೆಂಬಲವಾಗಿದೆ.

ನೋವು: ಬೆನ್ನುಹುರಿ ಮತ್ತು ಮಿದುಳ ಕಾಂಡದಲ್ಲಿ ಸಿಸಿಕೆ ಅಫೀಮು ವರ್ಗದ ನೋವುಶಾಮಕಗಳಿಗೆ ಎದುರಾಗಿ ಕೆಲಸ ಮಾಡುತ್ತದೆ. 1983ರ ಪ್ರಯೋಗಗಳಲ್ಲಿ ಸಿಸಿಕೆ-8 ಅಂಥ ಶಮನವನ್ನು ಕುಗ್ಗಿಸಿತು. ಸಿಸಿಕೆ ತಡೆಯುವ ಪ್ರೊಗ್ಲುಮೈಡ್ ಮಾರ್ಫಿನ್‌ನ ಪರಿಣಾಮವನ್ನು ಹೆಚ್ಚಿಸುತ್ತದೆ. ಇಟಲಿಯ ಫಾಬ್ರಿಜಿಯೊ ಬೆನೆಡೆಟ್ಟಿ ಮತ್ತು ಸಂಗಡಿಗರು 1997ರಲ್ಲಿ ಇನ್ನೊಂದು ಎಳೆ ಸೇರಿಸಿದರು. ‘ಇದರಿಂದ ನೋವು ಹೆಚ್ಚುತ್ತದೆ’ ಎಂಬ ನಿರೀಕ್ಷೆಯಿಂದಲೇ ಹೆಚ್ಚುವ ನೋವು ಪ್ರೊಗ್ಲುಮೈಡ್ ಕೊಟ್ಟಾಗ ತಗ್ಗಿತು.

ಸ್ಮೃತಿ: ಹಾಂಗ್‌ಕಾಂಗ್‌ನ ಜುಫಾಂಗ್ ಹೆ ನೇತೃತ್ವದ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಎಂಟೊರೈನಲ್ ಕಾರ್ಟೆಕ್ಸ್‌ನಿಂದ ಬರುವ ನರತಂತುಗಳು ಶ್ರವಣ ಕಾರ್ಟೆಕ್ಸ್‌ನಲ್ಲಿ ಬಿಡುವ ಸಿಸಿಕೆ ಅಲ್ಲಿನ ಸಂಧಿಗಳನ್ನು ದೀರ್ಘಕಾಲಕ್ಕೆ ಬಲಪಡಿಸಿ, ಎರಡು ಸದ್ದುಗಳ ನಡುವೆ ನಂಟು ಕಲ್ಪಿಸುವ ಕಲಿಕೆಗೆ ನೆರವಾಗುತ್ತದೆ. ಡೋಪಮಿನ್‌ನೊಂದಿಗಿನ ಸಹವಾಸದಿಂದಾಗಿ ಸ್ಕಿಜೊಫ್ರೇನಿಯಾಕ್ಕೂ ಸಿಸಿಕೆಗೂ ಸಂಬಂಧ ಹುಡುಕಲಾಗಿತ್ತು. ಆದರೆ ಸಿಸಿಕೆ ವರ್ಗದ ಪೆಪ್ಟೈಡ್‌ಗಳನ್ನು ಚಿಕಿತ್ಸೆಯಾಗಿ ಪರೀಕ್ಷಿಸಿದ ನಿಯಂತ್ರಿತ ಪ್ರಯೋಗಗಳಿಂದ ಉಪಯೋಗ ಸಿದ್ಧವಾಗಲಿಲ್ಲ.

ಉಪಯೋಗಗಳು

ವೈದ್ಯಕೀಯದಲ್ಲಿ ನೆಲೆಯೂರಿರುವುದು ಸಿನ್ಕಲೈಡ್ ಒಂದೇ. ಇದು ಕೃತಕವಾಗಿ ತಯಾರಿಸಿದ ಸಿಸಿಕೆ-8. ಪಿತ್ತಕೋಶದ ನ್ಯೂಕ್ಲಿಯರ್ ಸ್ಕ್ಯಾನ್‌ನಲ್ಲಿ ಇದನ್ನು ರಕ್ತನಾಳಕ್ಕೆ ನಿಧಾನವಾಗಿ ಹರಿಸಿ, ಪಿತ್ತಕೋಶ ಎಷ್ಟು ಪಿತ್ತವನ್ನು ಹೊರಹಾಕುತ್ತದೆಂದು ಅಳೆಯುತ್ತಾರೆ. ಒಂದು ಗಂಟೆ ಹರಿಸುವ ಕ್ರಮದಲ್ಲಿ ಶೇ. 38ಕ್ಕಿಂತ ಕಡಿಮೆ ಬಂದರೆ ಅಸಹಜ ಎಂದು ಪರಿಗಣಿಸುವುದು ರೂಢಿ. ಸೆರುಲಿನ್ ಅನ್ನು ಅತಿ ಪ್ರಮಾಣದಲ್ಲಿ ಕೊಟ್ಟು ಇಲಿ, ಹೆಗ್ಗಣಗಳಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತ ತರಿಸುವುದು ಆ ಕಾಯಿಲೆಯ ಸಂಶೋಧನೆಯಲ್ಲಿ ವ್ಯಾಪಕವಾಗಿ ಬಳಸುವ ಮಾದರಿ.

ತಡೆಯುವ ಔಷಧಗಳ ಕತೆ ಒಂದು ಬೂಷ್ಟಿನಿಂದ ಶುರುವಾಗುತ್ತದೆ. ಆಸ್ಪರ್ಜಿಲಸ್ ಅಲಿಯೇಸಿಯಸ್ ಎಂಬ ಬೂಷ್ಟಿನಲ್ಲಿ ಸಿಕ್ಕ ಆಸ್ಪರ್ಲಿಸಿನ್ ಸಿಸಿಕೆ1 ಗ್ರಾಹಕಕ್ಕೆ ಅಡ್ಡಿಯಾಗುತ್ತದೆಂದು 1985ರಲ್ಲಿ ತಿಳಿಯಿತು. ಅದರ ರಚನೆಯನ್ನು ಅನುಸರಿಸಿ ಡೆವಾಜೆಪೈಡ್ ತಯಾರಾಯಿತು. ಸಂಶೋಧನೆಯ ಸಾಧನವಾಗಿ ಇವು ಬಹಳ ಉಪಕರಿಸಿವೆ, ಔಷಧವಾಗಿ ಮಾರುಕಟ್ಟೆಯಲ್ಲಿ ನೆಲೆಗೊಳ್ಳಲಿಲ್ಲ.

ಸದ್ಯದ ಸ್ಥಿತಿ

ಸಿಸಿಕೆಯಿಂದ ತೂಕ ಇಳಿಸುವ ಔಷಧ ಮಾಡುವ ಆಸೆ ಈಡೇರಿಲ್ಲ. 1984ರಲ್ಲೇ ಹೆಗ್ಗಣಗಳಲ್ಲಿ ಕಂಡಂತೆ, ಪ್ರತಿ ಊಟದಲ್ಲೂ ಸಿಸಿಕೆ ಕೊಟ್ಟರೆ ಪ್ರಾಣಿ ಒಂದು ಊಟದಲ್ಲಿ ಕಡಿಮೆ ತಿಂದರೂ ಊಟಗಳ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಬಾಯಿಯಿಂದ ಕೊಡಬಹುದಾದ ಒಂದು ಸಿಸಿಕೆ1 ಉದ್ರೇಕಕಾರಿಯನ್ನು ಬೊಜ್ಜಿರುವವರಲ್ಲಿ 24 ವಾರ ಪರೀಕ್ಷಿಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ತೂಕ ಇಳಿಯಲಿಲ್ಲ. ಇನ್ನೊಂದು ಕರುಳಿನ ಹಾರ್ಮೋನಾದ ಜಿಎಲ್‌ಪಿ-1ರ ಮಾದರಿಯ ಸೆಮಾಗ್ಲುಟೈಡ್ 2021ರಲ್ಲಿ ಅಮೆರಿಕದಲ್ಲಿ ತೂಕ ಇಳಿಕೆಗೆ ಅನುಮತಿ ಪಡೆದದ್ದನ್ನು ಇದರೊಂದಿಗೆ ಹೋಲಿಸಿ ನೋಡಬಹುದು.

ಸಿಸಿಕೆ1 ಗ್ರಾಹಕದ ಸಕ್ರಿಯ ಸ್ಥಿತಿಯ ಮೂರು ಆಯಾಮದ ರಚನೆ 2021ರಲ್ಲಿ ಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶನದಿಂದ ಲಭ್ಯವಾಗಿದೆ. ನರವಿಜ್ಞಾನದಲ್ಲಿ ಸಿಸಿಕೆ ಈಗ ಕೋಶವರ್ಗಗಳನ್ನು ಗುರುತಿಸುವ ಚಿಹ್ನೆಯಾಗಿಯೂ ಬಳಕೆಯಲ್ಲಿದೆ: ಕಾರ್ಟೆಕ್ಸ್ ಮತ್ತು ಹಿಪೊಕ್ಯಾಂಪಸ್‌ನ ಗಾಬಾ ಕೋಶಗಳನ್ನು ವಿಂಗಡಿಸುವಾಗ ‘ಸಿಸಿಕೆ ಕೋಶಗಳು’ ಒಂದು ಸ್ಥಿರ ಗುಂಪು. ಅಳತೆಯ ತೊಡಕು ಮಾತ್ರ ಉಳಿದೇ ಇದೆ. ರಕ್ತದಲ್ಲಿ ಗ್ಯಾಸ್ಟ್ರಿನ್ ಸಿಸಿಕೆಗಿಂತ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ಇರುವುದರಿಂದ, ಪ್ರತಿಕಾಯ ತುಸು ಎಡವಿದರೂ ಅಳತೆಗೆ ಸಿಗುವುದು ಗ್ಯಾಸ್ಟ್ರಿನ್. ಜೀವಂತ ಮನುಷ್ಯನ ಮಿದುಳಿನಲ್ಲಿ ಸಿಸಿಕೆ ಯಾವಾಗ, ಎಷ್ಟು ಬಿಡುಗಡೆಯಾಗುತ್ತದೆ ಎಂಬುದನ್ನು ನೇರವಾಗಿ ಅಳೆಯುವ ವಾಡಿಕೆಯ ವಿಧಾನ ಇಲ್ಲ. ಮಿದುಳು–ಬೆನ್ನುಹುರಿ ದ್ರವದ ಪರೀಕ್ಷೆಯಿಂದ ಸಿಗುವುದು ಪರೋಕ್ಷ ಅಂದಾಜು.